ಗಂಧಕದ ಬತ್ತಿ, ಎರಡು ಸಲ

ವಿಸ್ಕಿ ಉಗ್ರಾಣದವರ ಬಟ್ಟೆ ಒಗೆದು ಒಗೆದೇ ಚಿಕ್ಕಮ್ಮನ ಕೂದಲು ಹಣ್ಣಾಗಿತ್ತು. ಅಲ್ಲಿ ಎಲ್ಲರಿಗೂ ಅವಳು ಚಿಕ್ಕಮ್ಮನೇ. ಒಂದು ತೊಟ್ಟು ವಿಸ್ಕಿಯನ್ನೂ ಬಾಯಿಗೆ ಬಿಟ್ಟುಕೊಂಡವಳಲ್ಲ. ಆದರೆ ಕೆಲಸಗಾರರ ಏಪ್ರನ್ ಮೂಸಿ, ಇವತ್ತು ಯಾವ ಪೀಪಾಯಿ ತೆರೆದರು ಎಂದು ಹೇಳಿಬಿಡುತ್ತಿದ್ದಳು. ಮೂಗು ಅಂದರೆ ಅದು! ಉಳಿದವರದ್ದೆಲ್ಲ ಕನ್ನಡಕ ಕೂರಿಸಲಿಕ್ಕೆ ಮಾತ್ರ.

ಅವಳ ಗಂಡ ಅಲ್ಲಿಯೇ ಪೀಪಾಯಿ ಕಟ್ಟುತ್ತಿದ್ದ. ಕೊನೆಕೊನೆಗೆ ಅವನಿಗೆ ಮರೆವು ಹತ್ತಿತು. ಅಡುಗೆಗೆ ಎರಡು ಸಲ ಉಪ್ಪು ಹಾಕುವನು. "ಹೋಗಿ ಬರ್ತೀನಿ ಕಣೇ" ಎಂದು ಹೊರಟವನು ಅರ್ಧ ದಾರಿಯಿಂದ ಹಿಂದಿರುಗಿ ಮತ್ತೆ ಅದನ್ನೇ ಹೇಳುವನು. ಚಿಕ್ಕಮ್ಮ ಎರಡು ಸಲವೂ "ಹೂಂ, ಹುಷಾರು" ಎನ್ನುತ್ತಿದ್ದಳು. ಹೋದ ವರ್ಷ ಅವನು ತೀರಿಕೊಂಡ.

ಅವನು ರಿಪೇರಿ ಮಾಡಿದ ಕೊನೆಯ ಪೀಪಾಯಿಯಲ್ಲಿ ಮೊದಲು ಶೆರಿ ವೈನ್ ಇತ್ತು. ಅದರ ಗುಣ ಹತ್ತಲಿ ಎಂದು ಹದಿನೈದು ವರ್ಷದ ಸ್ಕಾಚ್ ವಿಸ್ಕಿಯನ್ನು ಎರಡು ವರ್ಷ ಅದರಲ್ಲಿಟ್ಟಿದ್ದರು. ಇವತ್ತು ತೀರ್ಮಾನದ ದಿನ. ಚೆನ್ನಾಗಿದ್ದರೆ ಪೀಪಾಯಿಗೆ ಮತ್ತೆ ತುಂಬುತ್ತಾರೆ, ಕೆಟ್ಟಿದ್ದರೆ ಒಡೆದು ಸೌದೆ ಮಾಡುತ್ತಾರೆ. ಗ್ರಹಚಾರಕ್ಕೆ, ರುಚಿ ನೋಡುವ ಮೇಷ್ಟ್ರಿಗೆ ನೆಗಡಿ.

"ಚಿಕ್ಕಮ್ಮ, ನನ್ನ ಮೂಗು ರಜಾ ಹಾಕಿದೆ," ಎಂದು ಅವರು ಲೋಟ ಚಾಚಿದರು. "ನೀವು ಸರಿ ಅಂದ್ರೆ ಸರಿ."

ಎತ್ತರದ ಕಿಟಕಿಯ ಬಿಸಿಲು ಲೋಟದೊಳಕ್ಕೆ ಇಳಿದಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿ ಮೂಸಿದಳು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಆಮೇಲೆ ಗಂಡನ ಅಂಗಿಗೆ ಅಂಟಿರುತ್ತಿದ್ದ ಮರದ ಹೊಟ್ಟು. ಒಂದು ಗುಟುಕು ಕುಡಿದಳು. ಎದೆ ಬೆಚ್ಚಗಾಯಿತು, ಕಾಲಡಿಯ ನೆಲ ಮೆಲ್ಲಗೆ ತೇಲತೊಡಗಿತು. ಪೀಪಾಯಿ ಸಾಲುಗಳ ನಡುವೆ ಅವನು ಸುತ್ತಿಗೆ ಹಿಡಿದು ಬರುತ್ತಿದ್ದಾನೆ, ಏನೋ ಮರೆತು ತಿರುಗಿ ಹೋಗುತ್ತಿದ್ದಾನೆ.

ಅಷ್ಟರಲ್ಲಿ ಲೋಟದಿಂದ ಸುಟ್ಟ ಬೆಂಕಿಕಡ್ಡಿಯ ವಾಸನೆ ಎದ್ದಿತು. ಖಾಲಿ ಪೀಪಾಯಿಗೆ ಬೂಷ್ಟು ಹಿಡಿಯದಿರಲೆಂದು ಒಳಗೆ ಗಂಧಕದ ಬತ್ತಿ ಉರಿಸುತ್ತಾರೆ, ಒಂದೇ ಸಲ. ಇವನು ಮರೆತು ಎರಡು ಸಲ ಹಚ್ಚಿದ್ದ.

ಸರಿ ಎಂದುಬಿಟ್ಟರೆ ಅವನ ಕೈಕೆಲಸ ಉಳಿಯುತ್ತಿತ್ತು. ಹಾಗೆನ್ನಲು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಬಾಯಿ ತೆರೆದೇಬಿಟ್ಟಳು. ಆದರೆ ಕೆಲಸದ ವಿಷಯದಲ್ಲಿ ಅವನು ಒಂದು ದಿನವೂ ಸುಳ್ಳು ಹೇಳಿದವನಲ್ಲ.

"ಕೆಟ್ಟಿದೆ, ಮೇಷ್ಟ್ರೇ. ಗಂಧಕ ಜಾಸ್ತಿ. ನಮ್ಮೋರು ಎರಡು ಸಲ ಹಚ್ಚಿದ್ದಾರೆ."

ಮೇಷ್ಟ್ರು ಲೋಟ ತೆಗೆದುಕೊಳ್ಳಲು ಹೋದರು, ಚಿಕ್ಕಮ್ಮ ಕೊಡದೆ ಮತ್ತೆ ತುಟಿಯ ಹತ್ತಿರ ತಂದಳು.

"ಕೆಟ್ಟಿದ್ದನ್ನ ಮತ್ತೆ ಯಾಕೆ ಕುಡೀತೀರಾ?"

"ಇರಿ ಮೇಷ್ಟ್ರೇ. ಅವರು ಇನ್ನೊಂದು ಸಲ 'ಹೋಗಿ ಬರ್ತೀನಿ' ಹೇಳೋದಿದೆ."

ಎರಡನೇ ಗುಟುಕು ಕುಡಿದು ಅವಳು ಲೋಟವನ್ನು ಪೀಪಾಯಿಯ ಮೇಲಿಟ್ಟಳು.

"ಹೂಂ, ಹುಷಾರು," ಎಂದಳು.