ಖಾಲಿ ಫೋಲ್ಡರಿನ ದನಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಕಂಪ್ಯೂಟರ್ ನಾವು ಕೊಟ್ಟದ್ದನ್ನಷ್ಟೇ ತಿರುಗಿ ಕೊಡುತ್ತದೆ ಎಂದು ನಂಬಿದವನು ನಾನು. ಈಗಲೂ ಹಾಗೆಯೇ ಪಾಠ ಮಾಡುತ್ತೇನೆ.

ಆಗ ಬರಗಾಲ. ಔರಾದ ಕಡೆಯ ಹಳ್ಳಿಗಳ ಜನ ಭಾಲ್ಕಿಗೆ ಬಂದು, ರೈಲು ಹತ್ತಿ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು. ಅವರ ಮಕ್ಕಳಿಗಾಗಿ ಔರಾದದಲ್ಲಿ ನಡೆಯುತ್ತಿದ್ದ ಒಂದು ವಸತಿ ನಿಲಯಕ್ಕೆ ನಾನು ಬೀದರದಿಂದ ಕಂಪ್ಯೂಟರ್ ಕಲಿಸಲು ಹೋಗುತ್ತಿದ್ದೆ. ಕೂಲಿಕಾರರ ಕೈಗೆ ಇನ್ನೂ ಫೋನ್ ಬಂದಿರಲಿಲ್ಲ. ಹೊರಡುವ ಮುಂಚೆ ತಾಯಂದಿರು ಮಕ್ಕಳಿಗಾಗಿ ಹೇಳುವ ನಾಲ್ಕು ಮಾತನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ದೊಡ್ಡದೊಂದು ಫೋಲ್ಡರ್; ಅದರೊಳಗೆ ಪ್ರತಿ ಮಗುವಿನ ಹೆಸರಿನ ಸಣ್ಣ ಫೋಲ್ಡರ್. ನಾನು ಬರೆದ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಆ ಸಣ್ಣ ಫೋಲ್ಡರುಗಳೊಳಗೆ ಒಂದೊಂದಾಗಿ ಹೊಕ್ಕು, ಸಂಜೆ ಸಾಲಾಗಿ ಕೂತ ಮಕ್ಕಳಿಗೆ ಇದ್ದ ದನಿಯನ್ನು ಕೇಳಿಸಿ, ಮುಂದಿನದಕ್ಕೆ ಹೋಗುತ್ತಿತ್ತು. ಖಾಲಿ ಇದ್ದರೆ ಸುಮ್ಮನೆ ದಾಟಿ ಹೋಗಬೇಕು.

ಡಾಬಕಾ ಹಳ್ಳಿಯ ಶೋಭಾಳ ಫೋಲ್ಡರ್ ಖಾಲಿ. ಅವಳ ತಾಯಿ ಶಾಂತಾಬಾಯಿ ಬಂದ ದಿನ ಕರೆಂಟ್ ಇರಲಿಲ್ಲ, ಹೊರಗೆ ಗಾಡಿ ಕಾಯುತ್ತಿತ್ತು. ಶೋಭಾ ಮಾತ್ರ ದಿನಾಲೂ ಸಂಜೆ ಮುಂದಿನ ಸಾಲಿನಲ್ಲಿ ಬಂದು ಕೂಡುತ್ತಿದ್ದಳು.

ಒಂದು ಸಂಜೆ ಪರದೆಯ ಮೇಲೆ ಅವಳ ಹೆಸರು ಬಂದು ನಿಂತಿತು. ಸ್ಪೀಕರಿನಿಂದ ಹೆಂಗಸೊಬ್ಬಳ ದನಿ ಬಂತು. "ಶೋಬೀ, ಉಂಡಿಯೇನ? ತಲಿಗಿ ಎಣ್ಣಿ ಹಚ್ಕೊಂಡಿಯೇನ?"

"ಹೂಂ ಅವ್ವಾ, ಹಚ್ಕೊಂಡೀನಿ," ಎಂದಳು ಹುಡುಗಿ, ತಾಯಿ ಎದುರಿಗೇ ಇದ್ದಂತೆ.

"ಇಲ್ಲಿ ಕೇಳು, ನಾ..." ಎಂದು ದನಿ ಮುಂದುವರಿಯಿತು. ಹೆದರಿ, ಕೈಚಾಚಿ ಕಂಪ್ಯೂಟರಿನ ಸ್ವಿಚ್ ಆರಿಸಿಬಿಟ್ಟೆ.

ಶೋಭಾ ನನ್ನ ಕಡೆ ತಿರುಗಿದಳು. "ಅವ್ವ ಇನ್ನಾ ಮಾತಾಡ್ಲಿಕತ್ತಿದ್ಳರಿ ಸರ."

ಮತ್ತೆ ಚಾಲೂ ಮಾಡಿ ನೋಡಿದೆ. ಫೋಲ್ಡರಿನಲ್ಲಿ ಏನೂ ಇರಲಿಲ್ಲ. ಉಳಿದ ದನಿಗಳನ್ನೆಲ್ಲ ಕೇಳಿದೆ. ಆ ಮಾತು ಯಾವುದರಲ್ಲೂ ಇರಲಿಲ್ಲ. ಆ ಸಂಜೆ ಬಾಗಿಲಲ್ಲಿ ನಿಂತಿದ್ದ ನಿಲಯದ ವಾರ್ಡನ್ ಬಾಯಿಯವರೂ ಆ ದನಿಯನ್ನು ಕೇಳಿದ್ದರು. "ಸ್ವಲ್ಪ ತಡದಿದ್ರ ಏನ್ ಆಗ್ತಿತ್ರಿ?" ಎಂದಷ್ಟೇ ಅಂದರು. ಆಮೇಲೆ ಎಷ್ಟು ಸಲ ನಡೆಸಿದರೂ ಸ್ಕ್ರಿಪ್ಟ್ ಅವಳ ಹೆಸರನ್ನು ದಾಟಿಕೊಂಡೇ ಹೋಯಿತು.

ಮಳೆ ಬಿದ್ದ ಮೇಲೆ ಶಾಂತಾಬಾಯಿ ಮಗಳನ್ನು ಕರೆದೊಯ್ಯಲು ಬಂದಳು. "ನನ್ನ ಮಾತು ಪೋರಿಗಿ ಅರ್ಧಾ ಮುಟ್ಟಿತಂತಲ್ರಿ ಸರ. ನಾ ಅಂತೂ ಏನೂ ಹೇಳಿ ಹೋಗಿರಲಿಲ್ಲರಿ. ಉಳಿದ ಅರ್ಧಾ ಏನಾಯ್ತರಿ?"

"ಮಷೀನ್ ಕೆಟ್ಟಿತ್ತವ್ವ," ಎಂದೆ.

ಅವಳು ನಂಬಿದಳು. ಪಕ್ಕದಲ್ಲಿದ್ದ ಶೋಭಾ ನನ್ನನ್ನೇ ನೋಡುತ್ತಿದ್ದಳು.