ಸಿಸ್ಟರ್ ಅತ್ತಿಗೆ ಮತ್ತು ಮೂರನೇ ಮಹಡಿಯ ಬೀಗ

ನಮ್ಮ ಅತ್ತಿಗೆಗೆ ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ವಾರ್ಡಿನಲ್ಲಿ ಯಾರ ಅಪ್ಪಣೆ ಕೇಳಿ ಒಳಗೆ ಹೋಗುತ್ತಾರೆ? ಪರದೆ ಸರಿಸುವುದು, ಹೊದಿಕೆ ಎತ್ತುವುದು, ಹೊಟ್ಟೆ ಸರಿಹೋಯಿತಾ ಎಂದು ಹತ್ತು ಜನರ ಮುಂದೆ ವಿಚಾರಿಸುವುದು. ನಿವೃತ್ತರಾದ ಮೇಲೆ ಈ ಚಾಳಿ ಮನೆಗೇ ಬಂತು. ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ ಬಾಗಿಲು ಅಲ್ಲಾಡಿಸಿ ಇನ್ನೂ ಆಗಲಿಲ್ಲವಾ ಅನ್ನುತ್ತಿದ್ದರು. ಅಣ್ಣನಂತೂ ಪೇಪರಿನ ಹಿಂದೆ ಅಡಗಿಕೊಂಡೇ ಅರ್ಧ ಆಯುಷ್ಯ ಕಳೆದವನು.

ಹಾಗಾಗಿ, ದೇಶ ಬಿಟ್ಟು ಓಡಿಬಂದವರಿಗೆ ಮನೆ ಮಾಡಿಕೊಡುವ ಸ್ವಾಗತ ಸಮಿತಿಗೆ ಅತ್ತಿಗೆ ಸೇರಿದಾಗ ನಾವೆಲ್ಲ ಉಸ್ಸಪ್ಪಾ ಎಂದೆವು. ಇನ್ನು ಮೇಲೆ ಊರ ಉಸಾಬರಿ ನೋಡಿಕೊಳ್ಳಲಿ, ನಾವು ಬದುಕಿದೆವು ಎಂದುಕೊಂಡೆವು. ನಾನು ಬೀಗ ರಿಪೇರಿಯವನು ಎಂಬುದನ್ನು ಮರೆತಿದ್ದೆ. ಮೊದಲ ವಾರವೇ ಸಮಿತಿಯ ಪಟ್ಟಿಯಲ್ಲಿ ‘ಬೀಗದ ಕೆಲಸಕ್ಕೆ ನನ್ನ ಮೈದುನ’ ಎಂದು ಬರೆಸಿ ಬಂದಿದ್ದರು. ನನ್ನನ್ನು ಒಂದು ಮಾತು ಕೇಳಿದರಾ? ಕೇಳುವವರೇ ಅಲ್ಲ.

ಅವರ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಅದೇ ದೊಡ್ಡ ತಲೆನೋವು. ಮಂಚ, ಪಾತ್ರೆ, ಮಕ್ಕಳ ಶಾಲೆ, ಔಷಧಿ, ಎಲ್ಲಕ್ಕೂ ಓಡಾಡಿ ಏಳು ಮನೆ ನಿಲ್ಲಿಸಿದರು. ಏಳು ಮನೆಗಳ ಒಂದೊಂದು ಕೀ ತಮ್ಮ ಗೊಂಚಲಿನಲ್ಲೇ ಇಟ್ಟುಕೊಂಡರು. ಗ್ಯಾಸ್ ಸೋರಿದರೆ, ಮಗು ಬಿದ್ದರೆ ಎಂದು ಕಾರಣ. ಅದು ಅವರ ಮನೆ ಅಲ್ಲವಾ ಎಂದು ನಾನೊಮ್ಮೆ ಅಂದು ನೋಡಿದೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ಏನು ವಾದ ಮಾಡುವುದು.

ಮೂರನೇ ಮಹಡಿಯ ಮನೆಗೆ ಇಬ್ಬರು ಹೆಣ್ಣುಮಕ್ಕಳ ಜೊತೆ ಒಬ್ಬ ಟೀಚರ್ ಬಂದಿದ್ದರು. ಅವರ ಊರಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಅವರಿಂದ ದೂರು ಬಂತು, ಬೀಗ ಸರಿಯಿಲ್ಲ ಎಂದು. ಹೋಗಿ ನೋಡಿದೆ, ಸರಿಯಾಗಿಯೇ ಇತ್ತು. ಎಣ್ಣೆ ಬಿಟ್ಟು ಬಂದೆ. ಮುಂದಿನ ವಾರ ಮತ್ತೆ ಅದೇ ದೂರು. ಸ್ಪ್ರಿಂಗ್ ಬದಲಿಸಿದೆ. ಮೂರನೇ ಸಲದ ದೂರಿನ ಜೊತೆ ಇನ್ನೊಂದು ಸುದ್ದಿಯೂ ಬಂತು. ಈ ಮನೆ ಬೇಡ, ಸೋಮವಾರ ಮಕ್ಕಳನ್ನು ಕರೆದುಕೊಂಡು ಮೊದಲು ಇದ್ದ ಶಿಬಿರದ ಹಾಲಿಗೇ ವಾಪಸ್ ಹೋಗುತ್ತೇನೆ ಎಂದು ಅವರು ಸಮಿತಿಯ ಆಫೀಸಿಗೆ ಬರೆದುಕೊಟ್ಟಿದ್ದರು. ಆ ಹಾಲಿನಲ್ಲಿ ನಲವತ್ತು ಮಂಚ, ಎರಡು ಕಕ್ಕಸು. ಅಲ್ಲಿಗೆ ಹೋದರೆ ಮಕ್ಕಳ ಶಾಲೆಯೂ ತಪ್ಪುತ್ತದೆ, ಈ ಮನೆಯೂ ಬೇರೆಯವರ ಪಾಲಾಗುತ್ತದೆ.

ಅತ್ತಿಗೆ ಕೆಂಡವಾದರು. ಬಿಸಿಲು ಬೀಳುವ ಕಿಟಕಿ, ತಾವೇ ಹೊಲಿದ ಪರದೆ, ದಿನಾ ಹೋಗಿ ನೋಡಿಕೊಂಡು ಬರುವ ತಾವು, ಇನ್ನೇನು ಬೇಕಂತೆ ಆ ಮಹಾತಾಯಿಗೆ ಎಂದು ನನ್ನ ಮೇಲೆ ಹರಿಹಾಯ್ದರು. ಎಲ್ಲ ಆ ಬೀಗದಿಂದಲೇ, ನೀನು ನೆಟ್ಟಗೆ ರಿಪೇರಿ ಮಾಡಿಲ್ಲ ಎಂದು ತಪ್ಪನ್ನು ನನ್ನ ತಲೆಗೆ ಕಟ್ಟಿದರು. ಅವತ್ತು ಊಟವನ್ನೂ ಮಾಡಲಿಲ್ಲ.

ಶನಿವಾರ ನಾನು ಮೂರನೇ ಸಲ ಹೋದೆ. ಒಳಗಿನಿಂದ ಬೀಗ ಹಾಕಿ ಎಳೆದೆ, ಒದ್ದೆ. ಬಾಗಿಲು ಮಿಸುಕಲಿಲ್ಲ. ಇನ್ನೇನಮ್ಮಾ ಮಾಡಲಿ ಎಂದೆ, ದನಿ ಸ್ವಲ್ಪ ಏರಿಯೇ ಇತ್ತು. ಟೀಚರ್ ಏಳು ತಿಂಗಳಲ್ಲಿ ನಮ್ಮ ಭಾಷೆ ಕಲಿತಿದ್ದರು. ಸ್ವಲ್ಪ ಹೊತ್ತು ಕೂತು ನೋಡಿ ಎಂದರು. ಬೇರೆ ಮೂರು ಕಡೆ ಕೆಲಸ ಬಿಟ್ಟು ಬಂದವನು ಬೀಗದ ಮುಖ ನೋಡುತ್ತಾ ಕೂರಬೇಕಾ? ಗೊಣಗುತ್ತಲೇ ಉಪಕರಣದ ಪೆಟ್ಟಿಗೆಯ ಮೇಲೆ ಕೂತೆ.

ಹತ್ತು ನಿಮಿಷವಾಗಿರಬೇಕು. ನನ್ನ ಮೂಗಿನ ಎದುರಿಗೇ ಬೀಗ ತಾನಾಗಿ ತಿರುಗಿತು. ಓದುತ್ತಿದ್ದ ದೊಡ್ಡ ಹುಡುಗಿ ಪೆನ್ಸಿಲ್ ಕೆಳಗಿಟ್ಟು, ತಂಗಿಯ ಕೈ ಹಿಡಿದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಗಾಬರಿಯೇನೂ ಇಲ್ಲ. ದಿನವೂ ಮಾಡಿ ರೂಢಿಯಾದ ಹಾಗಿತ್ತು.

ಬಾಗಿಲು ತೆರೆದು ಅತ್ತಿಗೆ ಒಳಗೆ ಬಂದರು. ಕೈಯಲ್ಲಿ ತರಕಾರಿ ಚೀಲ. ಸೀದಾ ಅಡಿಗೆಮನೆಗೆ ನಡೆದು ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಇನ್ನೂ ಮುಗಿದಿಲ್ಲವಾ ಎಂದು ನನ್ನನ್ನು ಗದರಿಸಿದರು.

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಬೀಗಕ್ಕೇನೂ ಆಗಿಲ್ಲ. ಕೆಟ್ಟಿರೋದು ನಿಮ್ಮ ಬುದ್ಧಿ" ಎಂದುಬಿಟ್ಟೆ. ಜೀವಮಾನದಲ್ಲಿ ಅವರಿಗೆ ಹಾಗೆ ಅಂದವನಲ್ಲ.

ಅವರು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಮಾತಾಡಿದರು. "ಅಮ್ಮಾ, ನೀವು ಒಳ್ಳೆಯವರು. ಅಲ್ಲಿ, ನಮ್ಮೂರಲ್ಲಿ, ಕೇಳದೇನೇ ಮನೆಯೊಳಗೆ ಬಂದ್ರು. ನನ್ನ ಗಂಡನನ್ನ ಕರ್ಕೊಂಡು ಹೋದ್ರು. ಇಲ್ಲಿ ಕೀ ತಿರುಗುತ್ತೆ. ಬಾಗಿಲು ತೆರೆಯೋವರೆಗೂ ಅದು ನೀವು ಅಂತ ಮಕ್ಕಳಿಗೆ ಗೊತ್ತಾಗಲ್ಲ. ಹಾಲಿನಲ್ಲಿ ಬಾಗಿಲೇ ಇಲ್ಲ. ಯಾರು ಬಂದ್ರೂ ದೂರದಿಂದಲೇ ಕಾಣುತ್ತೆ."

ಅತ್ತಿಗೆ ತರಕಾರಿ ಚೀಲ ಕೆಳಗಿಟ್ಟರು. ಬಚ್ಚಲುಮನೆಯ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತರು. ಆಮೇಲೆ ಗೊಂಚಲಿನಿಂದ ಆ ಮನೆಯ ಕೀ ಬಿಡಿಸಲು ಹೋದರು, ರಿಂಗು ಬಿಗಿಯಾಗಿ ಆಗಲಿಲ್ಲ. ನಾನೇ ಬಿಡಿಸಿ ಮೇಜಿನ ಮೇಲಿಟ್ಟೆ. ಅವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಮುನಿಸಿಕೊಂಡು ಮನೆಗೆ ಹೊರಟರು ಎಂದುಕೊಂಡೆ.

ಆದರೆ ಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ, ಎರಡು ಸಲ.

ಯಾರು ಎಂದು ಟೀಚರ್ ಕೇಳಿದರು.

"ನಾನಮ್ಮ, ಸಿಸ್ಟರ್. ಒಳಗೆ ಬರಬಹುದಾ?"

ಟೀಚರ್ ಬಾಗಿಲ ಮೇಲೆ ಕೈಯಿಟ್ಟು ಯೋಚಿಸಿದರು. ಬಚ್ಚಲಿನ ಚಿಲಕ ಸರಿದು ಎರಡು ಮುಖಗಳು ಇಣುಕಿದವು. "ಇವತ್ತು ಬೇಡಮ್ಮ, ನಾಳೆ ಬನ್ನಿ" ಎಂದರು ಟೀಚರ್. ಹೊರಗಿನಿಂದ ಆಯ್ತಮ್ಮ ಎಂಬ ಸಣ್ಣ ದನಿ ಕೇಳಿತು.

ಇನ್ನು ಒಳಗೆ ಉಳಿದಿದ್ದ ಹೊರಗಿನವನು ನಾನೊಬ್ಬನೇ. ಟೀಚರ್ ನನ್ನನ್ನೇ ನೋಡುತ್ತಿದ್ದರು. ಪೆಟ್ಟಿಗೆ ಎತ್ತಿಕೊಂಡು ಹೊರಟೆ, ಹಿಂದೆಯೇ ಬೀಗ ಬಿತ್ತು. ಸೋಮವಾರ ಟೀಚರ್ ಎಲ್ಲಿಗೂ ಹೋಗಲಿಲ್ಲ.

ಆ ಶನಿವಾರ ನಾನು ಹೊರಬಂದಾಗ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ಸಿಟ್ಟು ಇಳಿದಿರಲಿಲ್ಲ, ನೋಡಿದರೆ ಅಯ್ಯೋ ಅನ್ನಿಸುತ್ತಲೂ ಇತ್ತು. ತಲೆ ಎತ್ತದೆ ಕೇಳಿದರು, "ನಾಳೆ ಎಷ್ಟು ಗಂಟೆಗೆ ಬರಬೇಕಂತೆ? ಕೇಳ್ಕೊಂಡು ಬಂದ್ಯಾ?"

ಇಲ್ಲ, ನೀವೇ ಹೋಗಿ ಕೇಳಿ ಎಂದು ರೇಗಿದೆ. ಎದ್ದು ಎರಡು ಮೆಟ್ಟಿಲು ಹತ್ತಿದರು, ನಿಂತರು, ಇಳಿದು ಬಂದರು.

"ಬೇಡ ಕಣೋ," ಎಂದರು. "ಇವತ್ತು ಬೇಡ ಅಂದಿದ್ದಾರೆ."