ಬಳೆ ಸದ್ದು

ನಮ್ಮ ಹೈದರಾಬಾದ್ ಆಫೀಸಿನ ಹಿರಿಯ ಪ್ರೋಗ್ರಾಮರ್, ಬೀದರ್ ಕಡೆಯ ಅಕ್ಕ, ಕಷ್ಟದ ಕೋಡ್ ಮುಟ್ಟುವ ಮುನ್ನ ಗಾಜಿನ ಬಳೆಗಳನ್ನು ಸರ್ರನೆ ಮೊಣಕೈಯತ್ತ ಸರಿಸುತ್ತಿದ್ದರು. ಕಂಪನಿ ಹೊಸದೇನು ಕೇಳಿದರೂ, "ಕಲಿಯೋದೈತಲ್ರಿ, ಅಳೋದೇನೈತಿ?" ಎನ್ನುತ್ತ ಮೆಹದಿಪಟ್ಟಣಂ ಬಸ್ಸಿನಲ್ಲೇ ಕಲಿತು ಬರುತ್ತಿದ್ದರು. ಕೋಡ್ ಬರೆಯುವ ಎಐ ಬಂದಾಗ ಅದನ್ನೂ ಕಲಿತು, ನಮಗೆಲ್ಲ ಪಾಠವಾಗಲೆಂದು ವಿಡಿಯೊ ಮಾಡಿಕೊಟ್ಟರು.

ಮರುತಿಂಗಳೇ ಮ್ಯಾನೇಜರ್ ಕರೆದು, "ನಿಮಗೆ ಹೊಸ ಸ್ಕಿಲ್ ಇಲ್ಲ" ಎಂದು ಅವರನ್ನು ಮನೆಗೆ ಕಳಿಸಿದ. ಆ ಬಾಯಿಗೆ ನಾಚಿಕೆ ಬೇಡವೆ?

"ಇಲ್ಲಂದ್ರ ನಾ ಕಲಿಸಿದ್ದೇನ್ರಿ?" ಎಂದು ಅಕ್ಕ ಕೇಳಿದರು. ಅವನು ಲ್ಯಾಪ್‌ಟಾಪ್ ಮುಚ್ಚಿದ.

ಹೊಸಬರಿಗೆ ಇವತ್ತಿಗೂ ಅದೇ ವಿಡಿಯೊ ತೋರಿಸುತ್ತಾರೆ. ಅಕ್ಕನ ಹೆಸರನ್ನು ಅಳಿಸಿದ್ದಾರೆ. ಪಾಠದಲ್ಲಿ ಕಷ್ಟದ ಜಾಗ ಬಂದಾಗಲೆಲ್ಲ ಕೇಳುವ ಆ ಬಳೆ ಸದ್ದನ್ನು ಅಳಿಸುವ ಸ್ಕಿಲ್ ಮಾತ್ರ ಅಲ್ಲಿ ಯಾರಿಗೂ ಇಲ್ಲ.